ಬೆಂಕಿ ಹಚ್ಚುವ ದಿನವನ್ನು ಯಾರು ಗೊತ್ತುಮಾಡಬೇಕು?

ಕ್ಯಾಲಿಫೋರ್ನಿಯಾದ ಉತ್ತರ ತುದಿಯಲ್ಲಿ, ಕ್ಲಾಮತ್ ನದಿಯ ದಂಡೆಯಲ್ಲಿ ಬಾಳುವ ಕಾರುಕ್, ಯುರೋಕ್ ಬುಡಕಟ್ಟುಗಳ ಜನಕ್ಕೆ ಕಾಡಿಗೆ ಸಣ್ಣ ಬೆಂಕಿ ಕೊಡುವುದು ನಮ್ಮ ರೈತ ಹೊಲಕ್ಕೆ ಕುಂಟೆ ಹೊಡೆಯುವಷ್ಟು ಸಹಜ ಕೆಲಸವಾಗಿತ್ತು. ಸುಟ್ಟ ಹೇಜಲ್ ಪೊದೆ ಗಂಟಿಲ್ಲದ ನೆಟ್ಟನೆಯ ಕಡ್ಡಿ ಚಿಗುರುತ್ತದೆ. ಅವರು ಬುಟ್ಟಿ ಹೆಣೆಯುವುದು, ಕೂಸನ್ನು ಹೊರುವ ತೊಟ್ಟಿಲು ಕಟ್ಟುವುದು ಅದರಿಂದಲೇ. ಓಕ್ ಮರದಡಿಯ ತರಗು ಸುಟ್ಟರೆ ಕಾಯಿ ಕೊರೆಯುವ ಹುಳು ಸಾಯುತ್ತದೆ.

ಈ ಕೆಲಸವನ್ನು ಅವರು ಮರೆಯಲಿಲ್ಲ, ಅವರಿಂದ ಬಿಡಿಸಲಾಯಿತು. 1850ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಕಾಯ್ದೆಯ ಹೆಸರಿನಲ್ಲಿ ಇಂಡಿಯನ್ನರ, ಅಂದರೆ ಅಲ್ಲಿನ ಮೂಲನಿವಾಸಿಗಳ, 'ರಕ್ಷಣೆ' ಎಂಬ ಮಾತಿತ್ತು. ಹುಲ್ಲುಗಾವಲಿಗೆ ಬೆಂಕಿ ಇಟ್ಟವರಿಗೆ ಅದು ಶಿಕ್ಷೆ ವಿಧಿಸಿತು. ಬೆಂಕಿ ಹಚ್ಚುವವರು ಪೊದೆಯಲ್ಲಿ ಕಂಡರೆ ಗುಂಡು ಹಾರಿಸಬಹುದೆಂದು 1918ರಲ್ಲಿ ಅಲ್ಲಿನ ಅರಣ್ಯಾಧಿಕಾರಿಯೊಬ್ಬ ಬರೆದ ಪತ್ರ ಇಂದಿಗೂ ಉಳಿದಿದೆ. 1935ರಿಂದ ಅಮೆರಿಕದ ಅರಣ್ಯ ಸೇವೆ, ಯಾವ ಬೆಂಕಿಯೇ ಆಗಲಿ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಬೇಕೆಂಬ ನಿಯಮ ಹಿಡಿಯಿತು. ತರಗು, ಪೊದೆ, ಸತ್ತ ಕೊಂಬೆ ದಶಕಗಳ ಕಾಲ ಕೂಡುತ್ತಾ ಹೋದವು. 2020ರಲ್ಲಿ ಆ ರಾಜ್ಯದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಕಾರುಕ್ ಜನರ ಹ್ಯಾಪಿ ಕ್ಯಾಂಪ್ ಊರಿನ ಮನೆಗಳು ಸ್ಲೇಟರ್ ಬೆಂಕಿಗೆ ಬೂದಿಯಾದವು.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮೂಲನಿವಾಸಿ ಯುವಕರಿಗೆ ತರಬೇತಿ ಕೊಡಿ, ಕಾಡು ಕಾಯುವುದನ್ನೇ ಅವರ ಉದ್ಯೋಗವಾಗಿಸಿ. ಆಗಲಿ, ಖಂಡಿತ ಆಗಲಿ. ಆದರೆ ಬೆಂಕಿ ಆರಿಸುವ ಇಲಾಖೆಗಳ ಪಾಠವನ್ನೇ ಕಲಿಸಿ, ಆ ಇಲಾಖೆಗಳದೇ ಪ್ರಮಾಣಪತ್ರ ಕೈಗಿತ್ತು, ಬೇಸಿಗೆಗಷ್ಟೇ ಕೂಲಿಗೆ ಕರೆಯುವುದನ್ನು ತರಬೇತಿ ಎಂದು ನಾನು ಒಪ್ಪಲಾರೆ. ಎಲೆಯ ತೇವ ಮುಟ್ಟಿ, ಗಾಳಿಯ ದಿಕ್ಕು ನೋಡಿ ಇಂದು ಸುಡಬಹುದು, ಇಂದು ಬೇಡ ಎನ್ನಬಲ್ಲ ಅಜ್ಜಿಯೇ ಅಲ್ಲಿ ಗುರು. ಆಕೆಗೆ ಗುರುವಿನ ಸಂಬಳ ಸಲ್ಲಬೇಕು. ಕಲಿತ ಹುಡುಗನಿಗೆ ವರ್ಷವಿಡೀ ಕೆಲಸವಿರಬೇಕು, ಏಕೆಂದರೆ ಕಾಡಿನ ಆರೈಕೆ ಬೇಸಿಗೆಗೆ ಮುಗಿಯುವುದಿಲ್ಲ.

ಬೆಂಕಿ ಕೈಮೀರಿದರೆ ಹೊಣೆ ಯಾರು, ಹೊಗೆಗೆ ಮಕ್ಕಳ, ಮುದುಕರ ಉಸಿರು ಕಟ್ಟಿದರೆ ಏನು ಗತಿ ಎಂದು ವಿರೋಧಿಸುವವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ತೇವವಿರುವ ದಿನ ಮೊಣಕಾಲೆತ್ತರದಲ್ಲಿ ಹರಿಯುವ ಬೆಂಕಿಯ ಹೊಗೆಗೂ, ಊರನ್ನೇ ನುಂಗುವ ಕಾಳ್ಗಿಚ್ಚು ವಾರಗಟ್ಟಲೆ ಉಗುಳುವ ಹೊಗೆಗೂ ಹೋಲಿಕೆಯೇ ಇಲ್ಲ. ಎಚ್ಚರಿಕೆ ಬೇಕೆನ್ನುವವರು, ನೂರಾರು ತಲೆಮಾರು ಎಚ್ಚರದಿಂದ ಸುಟ್ಟವರ ಕೈಗೇ ಅಧಿಕಾರ ಕೊಡಲಿ. ಕ್ಯಾಲಿಫೋರ್ನಿಯಾ 2024ರ ಕಾಯ್ದೆಯಲ್ಲಿ ಬುಡಕಟ್ಟುಗಳ ಈ ಹಕ್ಕಿಗೆ ದಾರಿ ತೆರೆಯಿತು. 2025ರಲ್ಲಿ ಕಾರುಕ್ ಜನ ಅದರಡಿ ಮೊದಲ ಒಪ್ಪಂದ ಮಾಡಿಕೊಂಡರು. 1850ರ ಕಾಯ್ದೆಯಿಂದ ಇಲ್ಲಿಗೆ ಬರಲು 175 ವರ್ಷ ಹಿಡಿಯಿತು.

ಇದನ್ನು ಓದುವಾಗ ನನಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಣ್ಣಮುಂದೆ ಬರುತ್ತಾರೆ. ಅವರದು 'ತರಗು ಬೆಂಕಿ': ಬಿಸಿಲು ಬಲಿಯುವ ಮುನ್ನ, ನೆಲದ ಒಣ ಎಲೆಗಳಿಗಷ್ಟೇ ಹಚ್ಚುವ ಬೆಂಕಿ. ನೆಲ್ಲಿಮರದ ಜೀವ ಹೀರುವ ಬಂದಳಿಕೆಯನ್ನು, ಲಾಂಟಾನವನ್ನು ಅದು ಹದ್ದುಬಸ್ತಿನಲ್ಲಿಡುತ್ತಿತ್ತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗು ಬೆಂಕಿ ಅಪರಾಧವಾಯಿತು. ಲಾಂಟಾನ ಕಾಡನ್ನೇ ಮುಚ್ಚಿತು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ, ಬೆಂಕಿ ಮಾತ್ರ ಅವರ ಕೈಗೆ ಮರಳಿಲ್ಲ. ನಮ್ಮ ಕಾಡುಗಳಲ್ಲಿ ಬೇಸಿಗೆ ಬಂತೆಂದರೆ ಬುಡಕಟ್ಟಿನ ಹುಡುಗರನ್ನು ಬೆಂಕಿ ಕಾವಲಿಗೆ ದಿನಗೂಲಿಯ ಮೇಲೆ ಕರೆಯುತ್ತಾರೆ. ಅವರಿಗೆ ಹೇಳುವುದಿಷ್ಟೇ: ಹೊಗೆ ಕಂಡಲ್ಲಿಗೆ ಓಡು, ಸೊಪ್ಪಿನಿಂದ ಬಡಿ. ಯಾವ ತರಗಿಗೆ ಯಾವಾಗ ಬೆಂಕಿ ಕೊಡಬೇಕು ಎಂದು ಅವರ ತಾತನನ್ನು ಇಲಾಖೆ ಕೇಳಬೇಕು, ಅದೂ ಈ ಶಿವರಾತ್ರಿಗೆ ಮೊದಲೇ.