ಸಾವಯವ ಬೆಳೆಗೆ ಸಹಾಯ : ಪೇಟೆಯ ದಾರಿ ಎಲ್ಲಿ?

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಊರಿನಲ್ಲಿ ಎಕರೆಯೋ ಎರಡೆಕರೆಯೋ ಗದ್ದೆ ಇಟ್ಟುಕೊಂಡು ಮುಂಬಯಿಯ ಹೊಟೇಲುಗಳಲ್ಲಿ ದುಡಿಯುವವರು. ಬೆಳೆಯುವವನ ಕಷ್ಟವೂ ಕೊಂಡು ತಿನ್ನುವವನ ಕಷ್ಟವೂ ನಮಗೆ ಗೊತ್ತು. ಆದುದರಿಂದ ಸಾವಯವ ಬೇಸಾಯಕ್ಕೆ ಸರಕಾರವು ಕೊಡುತ್ತಿರುವ ಸಹಾಯದ ವಿಷಯದಲ್ಲಿ ನಾಲ್ಕು ಮಾತು ಹೇಳುವ ಹಕ್ಕು ನಮಗೂ ಉಂಟು.

ಕೇಂದ್ರ ಸರಕಾರವು 2015ರಲ್ಲಿ ಪರಂಪರಾಗತ ಕೃಷಿ ವಿಕಾಸ ಯೋಜನೆಯನ್ನು ಆರಂಭಿಸಿತು. ಅದರ ಈಗಿನ ಲೆಕ್ಕ ಹೀಗಿದೆ: ಹೆಕ್ಟೇರಿಗೆ ಮೂರು ವರ್ಷಕ್ಕೆ ಒಟ್ಟು 31,500 ರೂಪಾಯಿ. ಗೊಬ್ಬರ ಮೊದಲಾದ ಸಾಮಗ್ರಿಗಾಗಿ ರೈತನ ಖಾತೆಗೆ 15,000. ತರಬೇತಿ ಮುಂತಾದವುಗಳಿಗೆ 9,000. ಪ್ರಮಾಣಪತ್ರಕ್ಕೂ ಪರೀಕ್ಷೆಗೂ 3,000. ಇನ್ನು ಮಾರಾಟ, ಪ್ಯಾಕಿಂಗು, ಹೆಸರು ಪ್ರಚಾರ ಎಲ್ಲಕ್ಕೂ ಸೇರಿ 4,500. ಇದನ್ನು ಎಕರೆಗೆ, ವರ್ಷಕ್ಕೆ ಎಂದು ಭಾಗಿಸಿ ನೋಡಿರಿ. ಆರುನೂರು ರೂಪಾಯಿ ಚಿಲ್ಲರೆ! ಅಷ್ಟಕ್ಕೆ ಯಾವ ಟೆಂಪೋದವನೂ ಊರು ಬಿಟ್ಟು ಹೊರಡುವುದಿಲ್ಲ.

ಇತ್ತ ರಾಸಾಯನಿಕ ಗೊಬ್ಬರದ ಸಬ್ಸಿಡಿಯು 2022-23ರಲ್ಲಿ ಎರಡು ಲಕ್ಷ ಕೋಟಿ ರೂಪಾಯಿಯನ್ನು ದಾಟಿತು. 45 ಕಿಲೋ ಯೂರಿಯಾ ಚೀಲವು 266 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿರುವಾಗ, ಸೆಗಣಿ ಹೊರು ಎಂದು ರೈತನಿಗೆ ಉಪದೇಶ ಮಾಡಿದರೆ ಅವನು ನಗದೆ ಇನ್ನೇನು ಮಾಡಿಯಾನು? ಹಾಗೆಂದು ಯೂರಿಯಾವನ್ನು ಒಂದೇ ಏಟಿಗೆ ನಿಲ್ಲಿಸಿರೆಂದು ನಾನು ಹೇಳುವವನಲ್ಲ. ಶ್ರೀಲಂಕಾ ಸರಕಾರವು 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ಅದೇ ವರ್ಷ ನವೆಂಬರಿನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಭತ್ತದ ಬೆಳೆ ಕುಸಿದು, ಹೊರದೇಶದಿಂದ ಅಕ್ಕಿ ತರಿಸಬೇಕಾಯಿತು. ಪೆಟ್ಟು ಬಿದ್ದದ್ದು ಕೂಲಿಯವರ ಹೊಟ್ಟೆಗೆ.

ಮುಖ್ಯ ಪ್ರಶ್ನೆ ಪೇಟೆಯದು. ಮುಂಬಯಿಯ ತರಕಾರಿಯ ದೊಡ್ಡ ಪೇಟೆ 1996ರಲ್ಲಿ ಬೈಕಲಾದಿಂದ ವಾಶಿಗೆ ಹೋಯಿತು. ಅಲ್ಲಿ ಎಲ್ಲ ಮಾಲೂ ಒಂದೇ ಹರಾಜು, ಒಂದೇ ರಾಶಿ. ವರ್ಷಗಟ್ಟಲೆ ಹೊಟೇಲಿನಲ್ಲಿ ತರಕಾರಿ ಹೆಚ್ಚಿದವನು ನಾನು; ಬೆಂಡೆಕಾಯಿಯ ಮೈಮೇಲೆ ಅದು ಯಾವ ಗೊಬ್ಬರದ್ದೆಂದು ಬರೆದಿರುವುದಿಲ್ಲ. ಹೊಸದಾಗಿ ಸಾವಯವಕ್ಕೆ ತಿರುಗಿದ ರೈತನಿಗೆ ಮೊದಲ ಎರಡು ಮೂರು ವರ್ಷ ಫಸಲೂ ಕಡಿಮೆ, ಪೂರ್ಣ ಪ್ರಮಾಣಪತ್ರವೂ ಇಲ್ಲ. ಎಲ್ಲರ ಬೆಲೆಗೇ ಮಾರಿ ಅವನು ನಷ್ಟ ಹೊರುತ್ತಾನೆ. ಪತ್ರ ಕೈಗೆ ಬಂದ ಮೇಲೆ ಅವನ ಬೇಳೆಯು ಗಾಜಿನ ಬಾಗಿಲಿನ ಅಂಗಡಿ ಸೇರುತ್ತದೆ. ಅಲ್ಲಿಗೆ ನಮ್ಮಂಥವರು ಕಾಲಿಡುವುದೇ ಇಲ್ಲ.

ಸರಕಾರ ಮನಸ್ಸು ಮಾಡಿದರೆ ಪೇಟೆಯನ್ನು ತಾನೇ ಒದಗಿಸಬಲ್ಲದು. ಒಡಿಶಾದಲ್ಲಿ 2017ರಲ್ಲಿ ಸಿರಿಧಾನ್ಯ ಯೋಜನೆ ಆರಂಭವಾಯಿತು. ಅಲ್ಲಿಯ ಸರಕಾರ ಬುಡಕಟ್ಟು ರೈತರ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚಿತು. ಅಂಗನವಾಡಿಯ ಮಕ್ಕಳಿಗೆ ರಾಗಿ ಲಾಡು ಮಾಡಿಸಿ ಕೊಟ್ಟಿತು. ರಾಗಿಯ ನಾಡಿನವರಾದ ನಮಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ 1959ರಲ್ಲೇ ಹಾಪ್‌ಕಾಮ್ಸ್ ಎಂಬ ಸಹಕಾರ ಸಂಘವು ಹುಟ್ಟಿ, ಬೆಳೆಗಾರನ ಹಣ್ಣು ತರಕಾರಿಯನ್ನು ನೇರವಾಗಿ ಬೀದಿಯ ಮಳಿಗೆಗೆ ತಂದಿತು.

ಸಾವಯವ ಧಾನ್ಯ ತರಕಾರಿಗಳನ್ನು ಸರಕಾರವು ನಿಶ್ಚಿತ ದರಕ್ಕೆ ಕೊಂಡು, ಮೊದಲು ಶಾಲೆಯ ಬಿಸಿಯೂಟಕ್ಕೂ ಸರಕಾರಿ ಆಸ್ಪತ್ರೆಗಳಿಗೂ ರೈಲ್ವೆ ಕ್ಯಾಂಟೀನುಗಳಿಗೂ ಕೊಡಲಿ. ಸಾವಯವಕ್ಕೆ ತಿರುಗುತ್ತಿರುವ ವರ್ಷಗಳ ಬೆಳೆಯನ್ನೂ ಅದರಲ್ಲಿ ಸೇರಿಸಲಿ. ಈ ಒತ್ತಾಯದ ಠರಾವನ್ನು ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇನೆ. ಸದಸ್ಯ ಬಂಧುಗಳು ತಮ್ಮ ಊರಿನಲ್ಲಿ ಬೆಳೆಗೆ ಸಿಕ್ಕಿದ ದರವನ್ನೂ ಇಲ್ಲಿ ತಾವು ಕೊಟ್ಟ ದರವನ್ನೂ ಒಂದು ಚೀಟಿಯಲ್ಲಿ ಬರೆದು ತರಬೇಕು.