ದುಡಿಯುವವರ ಬಾಡಿಗೆಗೆ ಸರ್ಕಾರ ಹೆಗಲು ಕೊಡಬೇಕೆ?

ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ದುಡಿದು, ಖಾಸಗಿ ಮನೆಗಳಲ್ಲಿ ಬಾಡಿಗೆಗಿರುವವರಿಗೆ ಸರ್ಕಾರ ತಿಂಗಳ ನೆರವನ್ನೋ ತೆರಿಗೆ ರಿಯಾಯಿತಿಯನ್ನೋ ಕೊಡಬೇಕೆ?

ಪರ

ಕೊಡಬೇಕು. ಇದೇನೂ ಹೊಸ ಬೇಡಿಕೆಯಲ್ಲ. ಸರ್ಕಾರ ಈಗಲೂ ಕೊಡುತ್ತಿದೆ, ಕೆಲವರಿಗೆ ಮಾತ್ರ. 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾದ ಮೇಲೆ ಅರಸೀಕೆರೆಯಂಥ ಊರಿನ ರಾಜ್ಯ ಸರ್ಕಾರಿ ನೌಕರರಿಗೆ ಮೂಲ ವೇತನದ ಶೇ 7.5ರಷ್ಟು ಮನೆ ಬಾಡಿಗೆ ಭತ್ಯೆ ಬರುತ್ತದೆ. ಕನಿಷ್ಠ ಮೂಲ ವೇತನ 27,000 ರೂಪಾಯಿ. ಅಂದರೆ ತೀರಾ ಕೆಳಗಿನ ಹುದ್ದೆಯವರಿಗೂ ತಿಂಗಳಿಗೆ 2,025 ರೂಪಾಯಿ. ಅದು ಅವರ ಹಕ್ಕು, ಯಾರೂ ಕಿತ್ತುಕೊಳ್ಳಬೇಕಿಲ್ಲ. ಆದರೆ ಅದೇ ಬೀದಿಯಲ್ಲಿ ಅಷ್ಟೇ ಬಾಡಿಗೆ ಕೊಟ್ಟಿರುವ ಅತಿಥಿ ಶಿಕ್ಷಕಿ, ಆಸ್ಪತ್ರೆಯ ಹೊರಗುತ್ತಿಗೆ ಸಿಬ್ಬಂದಿ, ಕೊಬ್ಬರಿ ಮಂಡಿಯ ಗುಮಾಸ್ತ, ಬೇಲೂರಿನ ಹೋಟೆಲ್ ಸಪ್ಲೈಯರ್ ಇವರಿಗೆಲ್ಲ ಏನಿದೆ?

ತೆರಿಗೆ ರಿಯಾಯಿತಿ ಇದೆಯಲ್ಲ ಎನ್ನುತ್ತಾರೆ. ಇದೆ, ಕಾಗದದ ಮೇಲೆ. ಭತ್ಯೆ ಸಿಗದವರಿಗೆಂದೇ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿಜಿ ಸೆಕ್ಷನ್ ಇತ್ತು. ಅದರ ಮಿತಿಯನ್ನು 2016ರ ಬಜೆಟ್ ತಿಂಗಳಿಗೆ 2,000ದಿಂದ 5,000 ರೂಪಾಯಿಗೆ ಏರಿಸಿತು. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಗೆ ಜಾಗವೇ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ತಿಂಗಳಿಗೆ 16,000 ದುಡಿಯುವವರ ವರ್ಷದ ಆದಾಯ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ. ತೆರಿಗೆಯೇ ಕಟ್ಟದವರಿಗೆ ತೆರಿಗೆಯಲ್ಲಿ ಏನನ್ನು ಬಿಟ್ಟುಕೊಡುವುದು? ಐರ್ಲೆಂಡ್ ಬಾಡಿಗೆದಾರರಿಗೆ 2022ರಿಂದ ತೆರಿಗೆಯಲ್ಲಿ 500 ಯೂರೋ ಬಿಡತೊಡಗಿ, 2024ಕ್ಕೆ ಅದನ್ನು 1,000ಕ್ಕೆ ಏರಿಸಿತು. ಅದು ಕೂಡ ದಕ್ಕುವುದು ತೆರಿಗೆ ಕಟ್ಟುವವರಿಗೇ. ನಮ್ಮ ಕಾನೂನು ಮನೆ ಮಾಲೀಕರ ಬಾಡಿಗೆ ಆದಾಯದಲ್ಲಿ ಶೇ 30ನ್ನು, ರಿಪೇರಿ ಮಾಡಿಸಿದ ರಸೀದಿಯನ್ನೂ ಕೇಳದೆ, ಹೊಸ ಪದ್ಧತಿಯಲ್ಲೂ ಕಳೆಯಲು ಬಿಡುತ್ತದೆ. ಬಾಡಿಗೆ ಪಡೆಯುವವರಿಗೆ ಇರುವ ಈ ಔದಾರ್ಯ ಕೊಡುವವರ ಪಾಲಿಗೆ ಯಾಕಿಲ್ಲ?

ಹಾಗಾಗಿ ಬೇಕಿರುವುದು ನೇರ ನೆರವು. ಬಾಡಿಗೆದಾರರನ್ನು ಹುಡುಕಿ ತಲುಪಿಸುವುದು ಆಗದ ಕೆಲಸ ಎಂಬ ಮಾತನ್ನು ಗೃಹಜ್ಯೋತಿ ಸುಳ್ಳು ಮಾಡಿದೆ. 2023ರಲ್ಲಿ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಘೋಷಣೆಯಾದಾಗ ಬಾಡಿಗೆ ಮನೆಯವರಿಗೆ ಇದೆಯೇ ಇಲ್ಲವೇ ಎಂದು ಗದ್ದಲವಾಯಿತು. ಇದೆ ಎಂದು ಸರ್ಕಾರ ಹೇಳಿತು. ಮೀಟರಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ, ಅಲ್ಲೇ ವಾಸವಿರುವುದಕ್ಕೆ ದಾಖಲೆ ಕೊಟ್ಟ ಬಾಡಿಗೆದಾರರಿಗೂ ಶೂನ್ಯ ಬಿಲ್ ಬಂತು. ಹಾಸನ ಜಿಲ್ಲೆಯ ಚೆಸ್ಕಾಂ ಗ್ರಾಹಕರಿಗೂ ಇದೇ ವ್ಯವಸ್ಥೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ-ವಸತಿಗೆ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡಲು ಶುರುಮಾಡಿದ್ದೂ ಇದೇ ರಾಜ್ಯ. ಓದುವಾಗ ಕೊಟ್ಟ ಆಸರೆಯನ್ನು, ಓದು ಮುಗಿಸಿ ಊರು ಬಿಟ್ಟು ಬಂದು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಿತ್ತರೆ ಆ ಹುಡುಗ ನಿಲ್ಲುವುದೆಲ್ಲಿ? ಸಂಬಳ ಕೈಗೆ ಬರುವ ಮುಂಚೆಯೇ ಅಡ್ವಾನ್ಸ್ ಎಣಿಸಬೇಕು. ಆ ಹಣಕ್ಕೆ ಅಮ್ಮನ ಒಡವೆ ಅಡವಿಟ್ಟರೆ ಬಿಡಿಸಿಕೊಳ್ಳಲು ವರ್ಷಗಳೇ ಬೇಕು.

ವಿರೋಧ

ನೋವು ನಿಜ. ಮದ್ದು ಮಾತ್ರ ತಪ್ಪು. ಗೃಹಜ್ಯೋತಿಯ ಹೋಲಿಕೆಯಲ್ಲೇ ಆ ತಪ್ಪು ಕಾಣುತ್ತದೆ. ವಿದ್ಯುತ್ತಿಗೆ ಮೀಟರ್ ಇದೆ, ಯೂನಿಟ್ ದರವನ್ನು ನಿಗದಿ ಮಾಡಲು ಒಂದು ಆಯೋಗವಿದೆ. ಉಚಿತ ಎಂದ ಮಾತ್ರಕ್ಕೆ ಚೆಸ್ಕಾಂ ತಾನಾಗಿಯೇ ದರ ಏರಿಸಲಾರದು. ಮನೆ ಬಾಡಿಗೆಯನ್ನು ನಿಗದಿ ಮಾಡುವವರು ಯಾರು? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಊರಿಗೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ದಾಟಿದ ಮನೆಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಇಂದು ಅದರೊಳಗೆ ಉಳಿಯುವ ಮನೆಗಳು ಎಷ್ಟಿದ್ದಾವು! ತಡೆಯೇ ಇಲ್ಲದ ಕಡೆ ಬಾಡಿಗೆದಾರನ ಖಾತೆಗೆ 2,000 ಬರುತ್ತದೆಂದು ಗೊತ್ತಾದ ದಿನ, ಮುಂದಿನ ಹನ್ನೊಂದು ತಿಂಗಳ ಕರಾರಿನಲ್ಲಿ ಅದರ ಬಹುಪಾಲು ಬಾಡಿಗೆಗೆ ಸೇರಿಕೊಳ್ಳುತ್ತದೆ. ಮಾಲೀಕರು ಕೆಟ್ಟವರೆಂದು ಹೀಗೆ ಹೇಳುತ್ತಿಲ್ಲ. ಖಾಲಿ ಮನೆ ಒಂದು, ಕೇಳುವವರು ನಾಲ್ವರು, ನಾಲ್ವರ ಕೈಯಲ್ಲೂ ಹೆಚ್ಚಿನ ದುಡ್ಡು ಎಂದಾದರೆ ಇನ್ನೇನಾದೀತು? ಫ್ರಾನ್ಸ್ 1990ರ ದಶಕದಲ್ಲಿ ಬಾಡಿಗೆ ನೆರವನ್ನು ಇನ್ನಷ್ಟು ಜನರಿಗೆ ವಿಸ್ತರಿಸಿತ್ತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಗೇಬ್ರಿಯಲ್ ಫಾಕ್, ಹೆಚ್ಚುವರಿಯಾಗಿ ಕೊಟ್ಟ ಪ್ರತಿ ಯೂರೋದಲ್ಲಿ 78 ಸೆಂಟ್ ಬಾಡಿಗೆ ಏರಿಕೆಗೇ ಹೋಯಿತೆಂದು ಲೆಕ್ಕ ಹಾಕಿ ತೋರಿಸಿದರು.

ಬೇಲೂರು, ಹಳೇಬೀಡುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ 2010ರ ತಿದ್ದುಪಡಿ ಕಾಯ್ದೆಯಲ್ಲಿ ನಿಷೇಧವಿದೆ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಚೆನ್ನಕೇಶವ, ಹೊಯ್ಸಳೇಶ್ವರ ದೇವಾಲಯಗಳನ್ನು ಉಳಿಸಿಕೊಳ್ಳಲು ಆ ನಿಯಮ ಬೇಕೇ ಬೇಕು, ಅದನ್ನು ಸಡಿಲಿಸಿ ಎನ್ನುವವರ ಜೊತೆ ನಾವಿಲ್ಲ. ಆದರೆ ಬೇಲೂರಿನ ಹಳೆಯ ಪೇಟೆ ಇರುವುದೇ ಗುಡಿಯ ಸುತ್ತ. ಅಲ್ಲಿ ಮನೆಯ ಮೇಲೆ ಮನೆ ಏಳಲಾರದು. 2023ರ ಸೆಪ್ಟೆಂಬರ್‌ನಲ್ಲಿ ಈ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗೆ ದಿನದ ಲೆಕ್ಕದಲ್ಲಿ ಕೋಣೆ ಕೊಡಬಹುದಾದ ಮಾಲೀಕನಿಗೆ ತಿಂಗಳ ಬಾಡಿಗೆದಾರ ಯಾಕೆ ಬೇಕು? ಮನೆಗಳ ಸಂಖ್ಯೆ ಹೆಚ್ಚದೆ ಹಣ ಮಾತ್ರ ಹೆಚ್ಚಿದರೆ ಅತಿಥಿ ಶಿಕ್ಷಕಿಯ ನೆರವು ಅವರ ಹೆಸರಿನಲ್ಲಿ ಮಾಲೀಕರಿಗೆ ಸಲ್ಲುತ್ತದೆ.

ತೆರಿಗೆ ರಿಯಾಯಿತಿ ಬಡ ಬಾಡಿಗೆದಾರರನ್ನು ಮುಟ್ಟುವುದಿಲ್ಲ ಎಂಬ ಮಾತನ್ನು ನಾವೂ ಒಪ್ಪುತ್ತೇವೆ. ನೇರ ನಗದಿಗೂ ಇನ್ನೊಂದು ತೊಡಕಿದೆ. ಬಾಂಡ್ ಪೇಪರಿನ ಕರಾರನ್ನೇ ಮಾಡಿಕೊಡದ ಮಾಲೀಕರಿದ್ದಾರೆ. ಅಂಥವರ ಮನೆಯಲ್ಲಿರುವವರೇ ಎಲ್ಲರಿಗಿಂತ ದುರ್ಬಲರು, ಮತ್ತು ದಾಖಲೆ ಕೇಳುವ ಯೋಜನೆಯಿಂದ ಮೊದಲು ಹೊರಗುಳಿಯುವವರೂ ಅವರೇ.

ಹಣವಿದ್ದರೆ ಬಾಡಿಗೆ ಮನೆಗಳನ್ನೇ ಕಟ್ಟಲಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತದಲ್ಲಿ ದುಡಿಯುವ ಮಹಿಳೆಯರು, ಕಾರ್ಮಿಕರು, ವಲಸಿಗರಿಗಾಗಿ ಬಾಡಿಗೆ ವಸತಿಯದೇ ಒಂದು ಭಾಗವಿದೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಹಾಸನದತ್ತ ರೈಲು ಕವಲೊಡೆಯುವ ಅರಸೀಕೆರೆಗಿಂತ ಅದಕ್ಕೆ ಒಪ್ಪುವ ಊರು ಈ ಜಿಲ್ಲೆಯಲ್ಲಿ ಇನ್ಯಾವುದಿದೆ? ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ರಾಜ್ಯ ಆ ಮಿತಿಯನ್ನು ಕಾನೂನಾಗಿ ತರಲಿ. ಆ ಎರಡು ತಿಂಗಳ ಮೊತ್ತವನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಬಡ್ಡಿಯಿಲ್ಲದೆ ಸಾಲವಾಗಿ ಕೊಟ್ಟು, ಹತ್ತು ಕಂತಿನಲ್ಲಿ ಹಿಂಪಡೆಯಲಿ. ಅಷ್ಟಾದರೆ ಅಮ್ಮನ ಒಡವೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಯಾರ ಮನೆಯ ಬಾಡಿಗೆಯೂ ಏರುವುದಿಲ್ಲ.