ನಾಟಕಕಾರನ ಗೆಳೆಯರು

ಕವಿತೆಯನ್ನು ಒಬ್ಬನೇ ಕುಳಿತು ಬರೆಯಬಹುದು. ಒಬ್ಬನೇ ಕುಳಿತು ಓದಿ ಸವಿಯಲೂಬಹುದು. ನಾಟಕದ ಮಾತು ಹಾಗಲ್ಲ. ಅದನ್ನು ಬರೆಯುವವನು ಒಬ್ಬನಾದರೂ ಅದಕ್ಕೆ ಉಸಿರು ತುಂಬುವವರು ಹಲವರು. ನಟನ ಕಂಠ, ನಿರ್ದೇಶಕನ ಕಣ್ಣು, ಪ್ರೇಕ್ಷಕನ ಮನಸ್ಸು ಇವು ಮೂರೂ ಕೂಡಿದಾಗಲೇ ನಾಟಕ ಪೂರ್ಣವಾಗುತ್ತದೆ. ಆದುದರಿಂದ ನಾಟಕಕಾರನಾದವನು ರಂಗಮಂದಿರದಿಂದಲೂ ನಟರಿಂದಲೂ ದೂರ ಉಳಿಯಬಾರದೆಂಬುದು ನನ್ನ ಅಭಿಪ್ರಾಯ. ರಷ್ಯಾ ದೇಶದ ಆಂಟನ್ ಚೆಕಾವ್‌ನ ಬಾಳು ಇದಕ್ಕೆ ಒಳ್ಳೆಯ ನಿದರ್ಶನ.

ಚೆಕಾವ್ 1860ರಲ್ಲಿ ಟಗನ್‌ರೋಗ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ತಂದೆ ಸಾಮಾನ್ಯ ಅಂಗಡಿಕಾರ. ತಾತ ಜೀತದಿಂದ ಬಿಡುಗಡೆ ಪಡೆದ ರೈತ. ಶಾಲೆಯ ದಿನಗಳಲ್ಲೇ ಹುಡುಗನಿಗೆ ನಾಟಕದ ಹುಚ್ಚು ಹಿಡಿದಿತ್ತು. ಊರಿನ ರಂಗಮಂದಿರದ ಮೇಲಂತಸ್ತಿನ ಅಗ್ಗದ ಸ್ಥಳದಲ್ಲಿ ಕುಳಿತು ಅವನು ಆಟಗಳನ್ನು ನೋಡುತ್ತಿದ್ದನು. ಮುಂದೆ ಮಾಸ್ಕೋದಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1884ರಲ್ಲಿ ವೈದ್ಯನಾದನು. ರೋಗಿಗಳ ಶುಶ್ರೂಷೆ, ಬಿಡುವಿನಲ್ಲಿ ಬರವಣಿಗೆ, ಹೀಗೆ ಅವನ ದಿನಚರಿ ಸಾಗಿತು.

1896ರಲ್ಲಿ, ಕಡಲಹಕ್ಕಿಯೊಂದರ ಹೆಸರನ್ನು ಹೊತ್ತ ‘ಸೀಗಲ್’ ಎಂಬ ಅವನ ನಾಟಕ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಪ್ರದರ್ಶಿತವಾಯಿತು. ತಾಲೀಮಿಗೆ ದೊರೆತದ್ದು ಕೆಲವೇ ದಿನಗಳು. ಅಂದು ಹಾಸ್ಯನಟಿಯೊಬ್ಬಳ ಸಹಾಯಾರ್ಥ ಪ್ರದರ್ಶನವಾದುದರಿಂದ ಜನ ನಗಲೆಂದೇ ಬಂದಿದ್ದರು. ಗಂಭೀರವಾದ ಮಾತುಗಳಿಗೂ ಅವರು ಗೇಲಿ ಮಾಡಿದರು. ನೊಂದ ಚೆಕಾವ್ ರಂಗಮಂದಿರದಿಂದ ಹೊರಬಿದ್ದು ಚಳಿಯ ರಾತ್ರಿಯಲ್ಲಿ ಬೀದಿ ಬೀದಿ ಅಲೆದನು. ಇನ್ನು ನಾಟಕ ಬರೆಯುವುದೇ ಬೇಡವೆಂದು ನಿಶ್ಚಯಿಸಿ ಮರುದಿನವೇ ಊರು ಬಿಟ್ಟನು.

ಅವನನ್ನು ಮರಳಿ ರಂಗಭೂಮಿಗೆ ಕರೆತಂದವರು ಗೆಳೆಯರು. 1898ರಲ್ಲಿ ಸ್ಟಾನಿಸ್ಲಾವ್‌ಸ್ಕಿ ಮತ್ತು ನೆಮಿರೋವಿಚ್ ದಾನ್‌ಚೆಂಕೊ ಮಾಸ್ಕೋ ಆರ್ಟ್ ಥಿಯೇಟರನ್ನು ಸ್ಥಾಪಿಸಿದರು. ದಾನ್‌ಚೆಂಕೊ ಚೆಕಾವ್‌ನನ್ನು ಬಗೆಬಗೆಯಾಗಿ ಒಪ್ಪಿಸಿ ಅದೇ ನಾಟಕವನ್ನು ಕೈಗೆತ್ತಿಕೊಂಡನು. ದೀರ್ಘ ತಾಲೀಮು ನಡೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಅಂಕ ಮುಗಿದಾಗ ಸಭೆ ಕ್ಷಣಕಾಲ ಸ್ತಬ್ಧವಾಗಿತ್ತು. ಬಳಿಕ ಚಪ್ಪಾಳೆಯ ಮಳೆಯೇ ಸುರಿಯಿತು. ಎರಡು ವರ್ಷಗಳ ಹಿಂದೆ ಸೋತದ್ದು ನಾಟಕವಲ್ಲ, ಅದನ್ನು ಅರಿತು ಆಡುವ ಬಳಗವಿಲ್ಲದ ಆ ರಾತ್ರಿ ಮಾತ್ರ.

ಕ್ಷಯರೋಗಿಯಾಗಿದ್ದ ಚೆಕಾವ್ ಮಾಸ್ಕೋದ ಚಳಿಯನ್ನು ತಾಳಲಾರದೆ ದಕ್ಷಿಣದ ಯಾಲ್ಟಾದಲ್ಲಿ ನೆಲೆಸಬೇಕಾಯಿತು. ನಾಟಕಕಾರನು ನಾಟಕದ ಬಳಿಗೆ ಬರಲಾರದೆ ಹೋದಾಗ ನಾಟಕವೇ ಅವನ ಬಳಿಗೆ ಹೋಯಿತು! 1900ರ ಏಪ್ರಿಲಿನಲ್ಲಿ ಇಡೀ ತಂಡ ಕ್ರಿಮಿಯಾಕ್ಕೆ ಪ್ರಯಾಣಮಾಡಿ ಅವನೆದುರಿಗೆ ಅವನ ನಾಟಕಗಳನ್ನು ಆಡಿತು. ಹಗಲೆಲ್ಲ ನಟರು ಅವನ ಮನೆಯಲ್ಲಿ ನೆರೆದು ಉಂಡು, ಹರಟಿ, ನಗುತ್ತಿದ್ದರು. ಆ ಮೇಲೆ ಬರೆದ ‘ಮೂವರು ಸೋದರಿಯರು’ ನಾಟಕದಲ್ಲಿ ಮಾಷಾ ಎಂಬ ಪಾತ್ರವನ್ನು ಅವನು ತಂಡದ ನಟಿ ಓಲ್ಗಾ ನಿಪರ್‌ಳಿಗಾಗಿಯೇ ರೂಪಿಸಿದನು. 1901ರಲ್ಲಿ ಆಕೆಯನ್ನೇ ವಿವಾಹವಾದನು.

ನಟರೊಡನೆ ಅತಿಯಾಗಿ ಬೆರೆತರೆ ನಾಟಕಕಾರನು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವನೆಂದು ಕೆಲವರು ಆಕ್ಷೇಪಿಸಬಹುದು. ನಿಜವಾದ ಸ್ನೇಹದಲ್ಲಿ ಆ ಭಯವಿಲ್ಲ. ‘ಸೀಗಲ್’ ನಾಟಕದಲ್ಲಿ ಸ್ಟಾನಿಸ್ಲಾವ್‌ಸ್ಕಿ ಪ್ರಸಿದ್ಧ ಲೇಖಕನೊಬ್ಬನ ಪಾತ್ರಕ್ಕೆ ಸೊಗಸಾದ ಬಿಳಿಯ ಉಡುಪು ತೊಟ್ಟಿದ್ದನು. ಆ ಲೇಖಕನಿಗೆ ಚೌಕಳಿಯ ಷರಾಯಿಯೂ ಹರಿದ ಬೂಟುಗಳೂ ಇರಬೇಕೆಂದು ಚೆಕಾವ್ ಹೇಳಿದನು. ಆ ಮಾತು ಸ್ಟಾನಿಸ್ಲಾವ್‌ಸ್ಕಿಗೆ ಬಹುಕಾಲ ಒಗಟಾಗಿಯೇ ಉಳಿಯಿತು. ನಾಟಕದ ಮುಗ್ಧ ಹುಡುಗಿ ಮರುಳಾದುದು ಆ ಸಾಮಾನ್ಯ ಮನುಷ್ಯನಿಗಲ್ಲ, ತನ್ನ ಕಲ್ಪನೆಯ ಮೂರ್ತಿಗೆ ಎಂಬ ಮರ್ಮ ಅವನಿಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಚೆಕಾವ್‌ನ ಕೊನೆಯ ನಾಟಕವಾದ ‘ಚೆರಿಯ ತೋಟ’ 1904ರಲ್ಲಿ ರಂಗಕ್ಕೆ ಬಂದಾಗಲೂ ಇವರಿಬ್ಬರಲ್ಲಿ ಒಮ್ಮತವಿರಲಿಲ್ಲ. ಚೆಕಾವ್‌ಗೆ ಅದು ಹಾಸ್ಯನಾಟಕ. ಸ್ಟಾನಿಸ್ಲಾವ್‌ಸ್ಕಿಗೆ ಕಣ್ಣೀರಿನ ಕಥೆ. ಅಭಿಪ್ರಾಯ ಬೇರೆಯಾಯಿತು, ಸ್ನೇಹ ಮುರಿಯಲಿಲ್ಲ. ಅದೇ ವರ್ಷದ ಜುಲೈನಲ್ಲಿ ಚೆಕಾವ್ ತೀರಿಕೊಂಡನು. ಆಗ ಅವನಿಗೆ 44 ವರ್ಷ ವಯಸ್ಸು.

1896ರ ಆ ರಾತ್ರಿಯ ನಿರ್ಧಾರಕ್ಕೇ ಅವನು ಅಂಟಿಕೊಂಡಿದ್ದರೆ ಅವನ ಕೊನೆಯ ಎರಡು ಮಹಾನಾಟಕಗಳು ಹುಟ್ಟುತ್ತಲೇ ಇರಲಿಲ್ಲ. ಹೊಗಳುವವರಷ್ಟೇ ಗೆಳೆಯರಲ್ಲ. ನಾವು ಸೋತ ದಿನ ಬಾಗಿಲು ತಟ್ಟಿ, ನಮ್ಮ ಕೆಲಸವನ್ನು ತಮ್ಮದೆಂದು ಭಾವಿಸಿ ದುಡಿಯುವವರೇ ಗೆಳೆಯರು. ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕ ಆಡುವಾಗ ಈ ಮಾತನ್ನು ನೆನೆಯಿರಿ. ರಾಜನ ಪಾತ್ರಧಾರಿಯಷ್ಟೇ, ಪರದೆ ಎಳೆಯುವ ಹುಡುಗನೂ ಆ ನಾಟಕದ ಒಡೆಯನೇ.